ಖಾನಾಪುರದ ಮನಿಯ ಕರೆಂಟಿನ ಲೆಕ್ಕ

ಲೈಟ್ ಬಿಲ್ ಬಂದ್ರ ನಾವು ನೋಡೂದು ಒಂದ, ಕೆಳಗ ಎಷ್ಟು ರೊಕ್ಕ ಬರದಾರ ಅನ್ನೂದು. 2023ರಾಗ ಗೃಹಜ್ಯೋತಿ ಬಂದ ಮ್ಯಾಲಂತೂ ಸೊನ್ನಿ ಬಿಲ್ ಬರೋವ್ರು ಅದನ್ನೂ ನೋಡೂದು ಬಿಟ್ಟಾರ. ಆದ್ರ ಅಕ್ಕಾರ, ಅದ ಹೆಸ್ಕಾಂ ಬಿಲ್ಲಿನ ಮ್ಯಾಲೆ ಮಂಜೂರಾದ ಲೋಡ್ ಅಂತ ಇನ್ನೊಂದು ಸಾಲು ಇರತೈತಿ. ನಿಮ್ಮ ಮನಿ ಒಮ್ಮೆಲೆ ಎಷ್ಟು ಕರೆಂಟ್ ಎಳೀಬಹುದು ಅನ್ನೂದು ಅಲ್ಲಿರತೈತಿ. ಖಾನಾಪುರದ ಹಳೇ ಮನಿಗೆ ಈ ವರ್ಷ ವಾಯರಿಂಗ್ ಬದಲಿ ಮಾಡಿಸುವಾಗ ಈ ಸಾಲಿನ ಮ್ಯಾಲೆ ನಮ್ಮನ್ಯಾಗ ದೊಡ್ಡ ಚರ್ಚಾನ ಆತು.

ನನ್ನ ಮೈದುನನ ಮಗಳು ಬೆಳಗಾವಿ ಟಿಳಕವಾಡಿಯೊಳಗ ಕಟ್ಟಡದ ನಕ್ಷೆ ಮಾಡೋ ಆಫೀಸಿನ್ಯಾಗ ಅದಾಳ. ಒಂದು ಐತವಾರ ಲ್ಯಾಪ್‌ಟಾಪ್ ತಗೊಂಡು ಬಂದ್ಲು. ರೆವಿಟ್ ಅಂತ ಒಂದು ಸಾಫ್ಟ್‌ವೇರ್. ಅದರಾಗ ಮನಿ ಬರದು, ಎಲ್ಲಿ ಲೈಟು, ಎಲ್ಲಿ ಫ್ಯಾನು, ಎಲ್ಲಿ ಪ್ಲಗ್ಗು ಅಂತ ಇಟ್ಕೋತ ಹೋಗಬೇಕು. ಒಂದೊಂದಕ್ಕೂ ಇಷ್ಟು ವ್ಯಾಟ್ ಅಂತ ಹೇಳಬೇಕು. ಯಾವ್ಯಾವು ಒಂದ ವಾಯರಿಗೆ ಸೇರತಾವು ಅಂತ ತೋರಿಸಿದ್ರ, ಅದು ತಾನ ಕೂಡಿಸಿ ಕೋಷ್ಟಕ ಮಾಡಿ ಕೊಡತೈತಿ. ನಾವು ಕಿರಾಣಿ ಚೀಟಿ ಕೂಡಿಸಿದಂಗ.

ಕೂಡಿಸಿದ್ಲು. ಗೀಜರ್ 2000, ಇಂಡಕ್ಷನ್ ಒಲಿ 2000, ಬಾವಿ ಮೋಟರ್ 1100, ಮಿಕ್ಸರ್ 750, ಇಸ್ತ್ರಿ 1000, ಫ್ರಿಜ್ 200, ವಾಶಿಂಗ್ ಮಶೀನ್ 500, ಲೈಟು ಫ್ಯಾನು ಟಿವಿ ಎಲ್ಲಾ ಸೇರಿ 650. ಒಟ್ಟು 8200 ವ್ಯಾಟ್. “ಎಲ್ಲಾ ಒಮ್ಮೆಲೆ ಯಾರೂ ಹಚ್ಚಂಗಿಲ್ಲ ದೊಡ್ಡವ್ವಾ, ಅದಕ್ಕ ಅರ್ಧಾ ಹಿಡೀತೀವಿ” ಅಂತ 4100ಕ್ಕ ಇಳಿಸಿದ್ಲು.

ನಮ್ಮ ಅತ್ತಿಯವರು ಅಲ್ಲೇ ಅವರಿಕಾಯಿ ಸುಲಕೋತ ಕುಂತಿದ್ರು. “ಯವ್ವಾ, ನಿನ್ನ ಮಶೀನಿಗೆ ದೀಪಾವಳಿ ನೀರು ಹಾಕೋದು ಗೊತ್ತೈತೇನ?” ಅಂತ ಕೇಳಿದ್ರು.

ಬೆಳಿಗ್ಗೆ 5 ಗಂಟೆಕ್ಕ ಹನ್ನೆರಡು ಮಂದಿ ಎಣ್ಣಿ ಹಚ್ಕೊಂಡು ಕುಂತಿರ್ತಾರ. ಗೀಜರ್ ಚಾಲೂ, ನೀರು ತೀರತೈತಿ ಅಂತ ಮೋಟರ್ ಚಾಲೂ, ಒಳಗ ಚಟ್ನಿಗೆ ಮಿಕ್ಸರ್, ಚಹಾಕ್ಕ ಇಂಡಕ್ಷನ್, ಮನಿ ತುಂಬ ಲೈಟ್. ಆಕಿ ಸುಮ್ನ ಕೂಡಿಸಿ ನೋಡಿದ್ಲು, 6300. ಅದನ್ನ 230 ವೋಲ್ಟಿಗೆ ಭಾಗಿಸಿದ್ರ ಸುಮಾರು 27 ಆಂಪಿಯರ್. ಅರ್ಧಾ ಹಿಡಿದ ಲೆಕ್ಕಕ್ಕ ಬರೇ 18 ಇತ್ತು. ಯಾವ ಸಾಮಾನಿಗೆ ಎಷ್ಟು ವ್ಯಾಟ್ ಅನ್ನೂದು ಡಬ್ಬಿ ಮ್ಯಾಲೆ ಬರದಿರತಾರ, ಯಾವ್ಯಾವು ಕೂಡೇ ನಡೀತಾವು ಅನ್ನೂದು ಅಡಗಿಮನ್ಯಾಗಿನವ್ರಿಗೇ ಗೊತ್ತು. ಕಡೀಕ ಅತ್ತಿಯವರ ಮಾತಿನಂಗ ಗೀಜರ್ ತಗದ್ವಿ. ಹಿತ್ತಲದಾಗ ಹಂಡೆ ಐತಿ, ಕಟಗಿ ಐತಿ. 6300 ಹೋಗಿ 4300 ಆತು.

ಮೋಟರಿನ ಸುದ್ದಿ ಬ್ಯಾರೆನ. ಮೀಟರಿನಿಂದ ಬಾವಿ 40 ಮೀಟರ್ ದೂರ, ಹೋಗಿ ಬರೂದು 80 ಮೀಟರ್ ವಾಯರ್. ಮೋಟರ್ ಶುರು ಆಗೋ ಹೊತ್ತಿನ್ಯಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೀತೈತಿ, 30 ಆಂಪಿಯರ್ ಹಿಡೀರಿ. ಹಳೇದು 1.5 ಚದರ ಮಿಲಿಮೀಟರಿನ ತಾಮ್ರದ ವಾಯರ್ ಇತ್ತು. ಅದರಾಗ 29 ವೋಲ್ಟ್ ದಾರ್ಯಾಗ ಕಳದು ಹೋಗತಿತ್ತು. ಬಚ್ಚಲದ ಲೈಟೂ ಅದ ವಾಯರಿನ ಮ್ಯಾಲೆ. ಮೋಟರ್ ಹಚ್ಚಿದ್ರ ಅದು ಕಣ್ಣು ಮುಚ್ಚಿದಂಗ ಆಗೂದು ಯಾಕ ಅಂತ ಈಗ ತಿಳೀತು. 2.5ರ ವಾಯರಾದ್ರ 18 ವೋಲ್ಟ್.

ನಾ ಇದನ್ನೆಲ್ಲಾ ಬರಿಯಾಕ ಕಾರಣ ಬಚ್ಚಲದ ನಲ್ಲಿ. ಎರಡು ವರ್ಷದಿಂದ ಅದನ್ನ ಮುಟ್ಟಿದ್ರ ಜುಂ ಅಂತಿತ್ತು. ಬಂದ ಬೀಗರಿಗೂ “ಹವಾಯಿ ಚಪ್ಲಿ ಹಾಕ್ಕೊಂಡು ತಿರುವ್ರಿ” ಅಂತ ಹೇಳೂದು ರೂಢಿ ಆಗಿತ್ತು. ಹುಡುಗಿ ಕೇಳಿದವಳ ಲ್ಯಾಪ್‌ಟಾಪ್ ಮುಚ್ಚಿ ಎದ್ಲು. ವಾಯರ್‌ಮನ್ನನ ಕರಸಿ ಬೋರ್ಡ್ ಬಿಚ್ಚಿಸಿದ್ರ, ಗೀಜರ್ ಪ್ಲಗ್ಗಿನ ಮೂರನೇ ತೂತಿಗೆ ವಾಯರ ಇರಲಿಲ್ಲ. ಹಿಂದ ಯಾರೋ ಮಾಡಿಹೋಗಿದ್ದು.

ನಮ್ಮ ಕಾಕಾ ಅಂದ್ರು, “ಎಂಸಿಬಿ ಐತಲಾ, ಬೀಳತೈತಿ ಬಿಡು.” ಆಗ ಆಕಿ ಚೀಟಿ ಮ್ಯಾಲೆ ಬರದು ತೋರಿಸಿದ್ಲು. ಎಂಸಿಬಿ ಉಳಿಸೂದು ವಾಯರನ್ನ, ಮನಷ್ಯಾನ್ನ ಅಲ್ಲ. ಅರ್ಥಿಂಗಿನ ತಡಿ 10 ಓಮ್ ಇತ್ತಂದ್ರ, 230ನ್ನ 10ರಿಂದ ಭಾಗಿಸ್ರಿ, 23 ಆಂಪಿಯರ್ ಹರೀತೈತಿ. 32ರ ಎಂಸಿಬಿ ಅಲ್ಲಾಡಂಗೂ ಇಲ್ಲ. ನಮ್ಮ ಕಡೆ ನೆಲ ಕೆಂಪು ಜಂಬಿಟ್ಟಿಗಿ. ಮಳಿಗಾಲದಾಗ ನೆನದು ಚಲೋ ಇರತೈತಿ, ಮೇ ತಿಂಗಳದಾಗ ಒಣಗಿದ್ರ ತಡಿ 50 ಓಮಿಗೂ ಏರಬಹುದು. ಆಗ 5 ಆಂಪಿಯರೂ ಹರಿಯಂಗಿಲ್ಲ. ಆದ್ರ ಮನಷ್ಯಾನ ಜೀವಾ ತಗಿಯಾಕ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು.

ಅದಕ್ಕ ಆರ್‌ಸಿಸಿಬಿ ಬೇಕು. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಐತೇನ ಅಂತ ಅದು ನೋಡಕೋತ ಇರತೈತಿ. 30 ಮಿಲಿ ಆಂಪಿಯರ್ ಕಡಿಮಿ ಬಂತಂದ್ರ, ಯಾರದರ ಮೈಯಾಗಿಂದನ ಹೋಗೇತಿ ಅಂತ ಕಟ್ ಮಾಡತೈತಿ. ನೆಲದ ತಡಿ ಎಷ್ಟು ಅನ್ನೂದು ಮಾತ್ರ ಸಾಫ್ಟ್‌ವೇರಿಗೆ ತಿಳಿಯಂಗಿಲ್ಲ, ಮೀಟರ್ ಹಚ್ಚಿ ಅಳೀಬೇಕು. ವಾಯರ್‌ಮನ್ ಕುಣಿ ತಗದು, ಇದ್ದಲಿ ಉಪ್ಪು ಹಾಕಿ, ಮ್ಯಾಲೆ ನೀರು ಹಾಕಾಕ ಒಂದು ಪೈಪ್ ಬಿಟ್ಟಾನ. ಬ್ಯಾಸಗ್ಯಾಗ ತುಳಸಿಗೆ ನೀರು ಹಾಕಿದ ಕೂಡ್ಲೆ ಅದಕ್ಕೂ ಒಂದು ಕೊಡ ಹಾಕತೀನಿ.

ಕಾಕಾ ಖರ್ಚಿನ ಬಗ್ಗೆ ಇನ್ನೂ ಗೊಣಗತಾರ, ಗೊಣಗಲಿ. ಆರ್‌ಸಿಸಿಬಿ ಮ್ಯಾಲೆ ‘ಟಿ’ ಅಂತ ಸಣ್ಣ ಗುಂಡಿ ಇರತೈತಿ, ಅದನ್ನ ತಿಂಗಳಿಗೊಮ್ಮೆ ಒತ್ತಿ, ಕರೆಂಟ್ ಹೋಗತೈತೋ ಇಲ್ಲೋ ನೋಡಬೇಕು. ಅತ್ತಿಯವರು ಅದನ್ನ ಅಮಾಸಿಗೆ ಇಟ್ಕೊಂಡಾರ. ಟಿವಿ ಧಾರಾವಾಹಿ ನಡದಿರಲಿ, ಯಾರರ ಫೋನಿಗೆ ಚಾರ್ಜ್ ಹಾಕಿರಲಿ, ಕೇಳಂಗಿಲ್ಲ, ಒತ್ತಿ ಬಿಡತಾರ. ನಿಮ್ಮನಿ ಡಬ್ಬಿಯೊಳಗ ಆ ಗುಂಡಿ ಐತೇನ, ಇವತ್ತ ತಗದು ನೋಡಿ ನನಗ ತಿಳಸ್ರಿ.