ಕಬ್ಬಿನ ಹಂಗಾಮಿನಲ್ಲಿ ನಮ್ಮ ದಾರಿಗಳು

ಕೃಷ್ಣೆ-ಘಟಪ್ರಭೆಯರ ಈ ಸೀಮೆಯನ್ನು ಕಣ್ತುಂಬ ನೋಡಬೇಕೆನ್ನುವವರು ಕಾರ್ತಿಕ ಕಳೆದ ಮೇಲೆ ಬರಬೇಕು. ಜಮಖಂಡಿಯಿಂದ ನೇಕಾರರ ಬನಹಟ್ಟಿ-ರಬಕವಿಗೆ, ಅಲ್ಲಿಂದ ಬೆಲ್ಲದ ಪೇಟೆಯಾದ ಮಹಾಲಿಂಗಪುರದ ಮೇಲೆ ಹಾಯ್ದು ರನ್ನನ ಮುಧೋಳಕ್ಕೆ, ಮುಂದೆ ಬೀಳಗಿಗೆ ಹೋಗುವಾಗ ದಾರಿಯುದ್ದಕ್ಕೂ ಆಳೆತ್ತರ ಮೀರಿದ ಕಬ್ಬು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರೇ ತಮ್ಮ ಹಣ, ದುಡಿಮೆ ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನೆಲವಿದು. ಕಾಯಕವೆಂಬ ಮಾತಿಗೆ ಇಲ್ಲಿ ಬೇರೆ ವ್ಯಾಖ್ಯಾನ ಬೇಕಿಲ್ಲ.

ಆ ಕಬ್ಬೆಲ್ಲ ಕಾರ್ಖಾನೆ ಸೇರುವುದು ಇದೇ ದಾರಿಗಳಲ್ಲಿ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಗಂಟೆಗೆ ಹದಿನೈದು ಕಿಲೋಮೀಟರು ಸಾಗಿದರೆ ಹೆಚ್ಚು. ಹಿಂದಕ್ಕೆ ಚಾಚಿದ ಕಬ್ಬಿನ ತುದಿ, ಜೋತುಬಿದ್ದ ರವದಿ ಕೆಂಪು ದೀಪವನ್ನೇ ಮುಚ್ಚಿಬಿಡುತ್ತವೆ. ಹಿಂದಿನಿಂದ ಎಂಬತ್ತರ ವೇಗದಲ್ಲಿ ಬರುವ ಕಾರು ಪ್ರತಿ ಸೆಕೆಂಡಿಗೆ ಹದಿನೆಂಟು ಮೀಟರಿನಂತೆ ಅದನ್ನು ಸಮೀಪಿಸುತ್ತದೆ. ತಗ್ಗಿಸಿದ ದೀಪದಲ್ಲಿ ಐವತ್ತು ಮೀಟರಿನಾಚೆ ಸ್ಪಷ್ಟವಾಗಿ ಕಾಣದು; ಅಂದರೆ ಚಾಲಕನಿಗೆ ಉಳಿಯುವುದು ಮೂರು ಸೆಕೆಂಡು. ಅಷ್ಟರಲ್ಲಿ ಅವನ ಕಣ್ಣು ಕೈಯಲ್ಲಿನ ಮೊಬೈಲಿನ ಮೇಲಿದ್ದರೆ?

2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲೂಕಿನ ಆಲಗೂರ ಬಳಿ ರಾತ್ರಿ ಶಾಲಾ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು. ಶಾಲೆಯ ಸಮಾರಂಭ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳು. ಆ ತಾಯಂದಿರ ಸಂಕಟವನ್ನು ಬರೆಯಲು ನನ್ನ ಲೇಖನಿಗೆ ಶಕ್ತಿಯಿಲ್ಲ.

ರೈತ ಬಾಂಧವರಿಗೂ ಎರಡು ಮಾತು ಹೇಳಬೇಕು. ಹಿಂಬದಿಗೆ ದೀಪ, ಪ್ರತಿಫಲಕ ಇರಬೇಕೆಂಬುದು ಕಾನೂನು; ಹೇರು ಕಟ್ಟಿದ ಮೇಲೂ ಅವು ಕಾಣುತ್ತಿವೆಯೇ ಎಂದು ಒಮ್ಮೆ ಹಿಂದೆ ಹೋಗಿ ನೋಡಬೇಕು. ಟ್ರ್ಯಾಕ್ಟರಿನ ಹಾಡಿನ ಅಬ್ಬರದಲ್ಲಿ ಹಿಂದಿನವರ ಹಾರ್ನು ಕೇಳಿಸುವುದೇ ಇಲ್ಲ. (ಆ ಹಾಡುಗಳ ಅಭಿರುಚಿಯ ಮಾತು ಇಲ್ಲಿ ಬೇಡ.) ಪಂಕ್ಚರಾದಾಗ ಗಾಲಿಗೆ ಅಡ್ಡವಿಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟುಹೋಗುವುದಂತೂ ಅಕ್ಷಮ್ಯ.

ಆದರೂ ಹೆಚ್ಚಿನ ಹೊಣೆ ಹಿಂದೆ ಬರುವವನದೇ ಎಂದು ನನ್ನ ಅಭಿಪ್ರಾಯ. ಮುಂದಿನವನು ಹೇರು ಹೊತ್ತಿದ್ದಾನೆ, ಬೇಗ ಹೋಗಲಾರ, ನಾವು ನಿಧಾನಿಸಬಲ್ಲೆವು. ಡಾಂಬರು ಹಾಕುವವರ ರೋಲರು, ರಸ್ತೆಯಂಚಿನಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಎದುರಾದಾಗಲೂ ಇದೇ ಮಾತು. ತಿರುವಿನಲ್ಲಿ, ಸೇತುವೆಯ ಮೇಲೆ ಜೋಡಿ ಟ್ರೇಲರನ್ನು ದಾಟಲು ಹೋಗಬಾರದು. ಅದರ ಉದ್ದ ಹಿಂದಿನಿಂದ ತಿಳಿಯುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೂಡಲಸಂಗಮಕ್ಕೆ, ಶರಣ ಮೇಳಕ್ಕೆ ಹೊರಡುವ ಕುಟುಂಬಗಳಿಗೆ ಅದೇ ನುರಿಸುವ ಹಂಗಾಮಿನ ನಡುಗಾಲ. ನಸುಕಿನ ಮಂಜಿನಲ್ಲಿ ಕಾರ್ಖಾನೆಗಳ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಚಾಲಕನ ಪಕ್ಕದಲ್ಲಿ ನಿದ್ರಿಸದ ಹಿರಿಯರೊಬ್ಬರು ಕುಳಿತಿರಲಿ. ಮುಧೋಳದಿಂದ ಹೊತ್ತು ಮೂಡಿದ ಮೇಲೆ ಹೊರಟರೂ ಮಧ್ಯಾಹ್ನದ ಪ್ರಸಾದಕ್ಕೆ ಸಂಗಮ ಮುಟ್ಟಬಹುದು.