ನಿಷ್ಕಾರಣ ಸಂಚಾರ

ಸಿಂಗಟಗೆರೆಯ ವರ್ತಕರೊಬ್ಬರು ಅರವತ್ತು ದಾಟಿದ ಮೇಲೆ ಅಂಗಡಿಯ ಬೀಗದ ಕೈಗಳನ್ನು ಮಗನಿಗೆ ಒಪ್ಪಿಸಿ, ಉಗ್ರಾಣದ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಹಳೆಯ ಸೈಕಲ್ಲನ್ನು ಹೊರಗೆ ತೆಗೆದರು. ಕಡೂರಿಗೆ ಸಾಗಿಸಿ ಟೈರು, ಟ್ಯೂಬು, ಬ್ರೇಕಿನ ರಬ್ಬರು ಬದಲಾಯಿಸಿದರು. ಹಿಂದಿನ ಕ್ಯಾರಿಯರ್ ಮಾತ್ರ ಹಳೆಯದೇ ಉಳಿಯಿತು. ಮೂವತ್ತು ವರ್ಷಗಳ ಕಾಲ ಅದೇ ಕ್ಯಾರಿಯರಿಗೆ ವಸೂಲಿ ಪುಸ್ತಕವನ್ನು ಹುರಿಯಿಂದ ಬಿಗಿದು ಅವರು ಹಳ್ಳಿಹಳ್ಳಿಗೆ ಹೋಗುತ್ತಿದ್ದರು. ಈಗ ಆ ಜಾಗದಲ್ಲಿ ಕಾಯಿಸಿ ಆರಿಸಿದ ನೀರಿನ ಬಾಟಲಿಯೊಂದು ಕುಳಿತಿತು. ಮನೆಯವರು ಇದನ್ನು ವಯಸ್ಸಿನ ಹುಚ್ಚೆಂದು ಭಾವಿಸಿ ಸುಮ್ಮನಾದರು.

ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಬಾಣಾವರ, ಕಡೂರು, ಬೀರೂರುಗಳನ್ನು ಹಾದುಹೋಗುತ್ತದೆ. ಲಾರಿ ಬಸ್ಸುಗಳ ಭಾರವನ್ನು ಅದೇ ಹೊತ್ತುಕೊಂಡಿರುವುದರಿಂದ ಸಿಂಗಟಗೆರೆ, ಯಗಟಿ, ಪಂಚನಹಳ್ಳಿ ಹೋಬಳಿಗಳ ಒಳರಸ್ತೆಗಳಿಗೆ ನೆಮ್ಮದಿ ಉಳಿದಿದೆ. ಅಲ್ಲಿ ಒಂದು ಗಂಟೆ ಸೈಕಲ್ ತುಳಿದರೂ ಎದುರಾಗುವುದು ಹಾಲಿನ ಕ್ಯಾನು ಕಟ್ಟಿದ ಒಂದೆರಡು ಬೈಕು, ಒಂದು ಕುರಿಮಂದೆ, ಕೆಲವೊಮ್ಮೆ ಅದೂ ಇಲ್ಲ. ಎರಡು ಕಡೆ ತೆಂಗಿನ ತೋಟ. ತೋಟ ಮುಗಿದಲ್ಲಿ ರಾಗಿ, ಹುರುಳಿ, ಈರುಳ್ಳಿಯ ಹೊಲ. ಹೊಲ ಮುಗಿದಲ್ಲಿ ಹುಲ್ಲಿನ ಕಾವಲು. ಹಿಂದೆ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳಿವು. ಇದೇ ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗಾಗಿ ಮೀಸಲೆಂದು ಘೋಷಿಸಲಾಯಿತು. ಆಕಾಶ ಶುಭ್ರವಾಗಿರುವ ಬೆಳಗಿನಲ್ಲಿ ಪಶ್ಚಿಮದ ಅಂಚಿಗೆ ಬಾಬಾಬುಡನ್ ಗಿರಿಶ್ರೇಣಿ ನೀಲಿ ಗೆರೆಯಂತೆ ಕಾಣಿಸುತ್ತದೆ. ದೀರ್ಘ ಸವಾರಿಯ ಮನಸ್ಸಾದ ದಿನ ಅವರು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯವರೆಗೂ ಹೋಗಿ, ಏರಿಯ ಮೇಲೆ ಕುಳಿತು, ಕೆರೆಯ ಹಿಂದಿನ ಶಕುನಗಿರಿಯನ್ನು ನೋಡಿ ಬರುತ್ತಿದ್ದರು.

ಈ ರಸ್ತೆಗಳಲ್ಲಿ ಕಡಿದಾದ ಏರಿಲ್ಲ. ಆದರೆ ಜ್ಯೇಷ್ಠಮಾಸದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಪಂಚನಹಳ್ಳಿಯ ಕಡೆಗೆ ಹೊರಟವನನ್ನು ಬೆನ್ನು ತಟ್ಟಿ ಕಳುಹಿಸುವ ಗಾಳಿಯೇ ಮರಳುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಸಾಲದ ಸ್ವಭಾವವೂ ಇದೇ ಎಂದು ಆ ವರ್ತಕರು ನಗುತ್ತಿದ್ದರು.

ಇಂತಹ ಸಂಚಾರದಲ್ಲಿ ಅವರಿಗೆ ಪೂರ್ವಿಕರೊಬ್ಬರು ದೊರೆತದ್ದು ದೂರದ ಫ್ರಾನ್ಸಿನಲ್ಲಿ. 1853ರಲ್ಲಿ ಜನಿಸಿದ ಪಾಲ್ ದ ವಿವಿ ಎಂಬಾತ ಸೇಂಟ್ ಎತಿಯೆನ್ ನಗರದ ರೇಷ್ಮೆ ವರ್ತಕ. 1887ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿ, ರೇಷ್ಮೆಯ ವ್ಯಾಪಾರವನ್ನು ಬಿಟ್ಟು, ‘ವೆಲೋಸಿಯೋ’ ಎಂಬ ಹೆಸರಿನಿಂದ ಬರೆಯುತ್ತ ಆ ದೇಶದ ಹಳ್ಳಿದಾರಿಗಳನ್ನೂ ಬೆಟ್ಟದ ಕಣಿವೆಗಳನ್ನೂ ಸುತ್ತಿದ. ಪಂದ್ಯಗಳ ಗದ್ದಲ ಅವನಿಗೆ ಹಿಡಿಸಲಿಲ್ಲ. ಹಸಿವಾಗುವ ಮೊದಲೇ ಸ್ವಲ್ಪ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಸವಾರಿಯ ಕಾಲದಲ್ಲಾದರೂ ಮಾಂಸ, ಮದ್ಯ, ಹೊಗೆಸೊಪ್ಪು ವರ್ಜ್ಯ. ಅಹಂಕಾರಕ್ಕಾಗಿ ಎಂದೂ ಪೆಡಲು ತುಳಿಯಬಾರದು ಎಂಬ ಅರ್ಥದ ನಿಯಮಗಳನ್ನು ತನ್ನ ಅನುಯಾಯಿಗಳಿಗೆ ಹಾಕಿಕೊಟ್ಟ. ಅವನು ಸ್ವತಃ ಸಸ್ಯಾಹಾರಿ. 1930ರಲ್ಲಿ ತನ್ನ ಊರಿನ ಬೀದಿಯಲ್ಲೇ ಟ್ರಾಮ್ ಬಡಿದು ತೀರಿಕೊಂಡ. ಜಿನಧರ್ಮದ ಪರಿಚಯವಿಲ್ಲದ ಆ ಪರದೇಶಿ ವರ್ತಕನ ನಿಯಮಗಳನ್ನು ಓದಿದಾಗ ಸಿಂಗಟಗೆರೆಯ ವರ್ತಕರಿಗೆ ದೂರದ ಬಂಧುವಿನ ಪತ್ರ ಬಂದಷ್ಟು ಸಂತೋಷವಾಯಿತಂತೆ.

ಆದರೂ ಒಂದು ಸಂದೇಹ ಅವರನ್ನು ಬಿಡಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಪಾರಾಯಣ ಮಾಡಿದವರಿಗೆ ಅನರ್ಥದಂಡದ ಪ್ರಕರಣ ನೆನಪಿರುತ್ತದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಮೊದಲಾದವುಗಳ ಜೊತೆಗೆ, ವ್ಯರ್ಥವಾಗಿ ತಾನು ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಆಚಾರ್ಯರು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ವಸೂಲಿಗೆ ಹೋಗುತ್ತಿದ್ದಾಗ ಚಕ್ರಕ್ಕೆ ಸಿಕ್ಕಿ ಸತ್ತ ಇರುವೆಗಳ ಪಾಪ ಉದ್ಯೋಗಿ ಹಿಂಸೆ. ಗೃಹಸ್ಥನಿಗೆ ಅದು ಅನಿವಾರ್ಯವೆಂಬ ಸಮಾಧಾನವಾದರೂ ಇತ್ತು. ಗಿರಿಯ ನೀಲಿಯನ್ನು ನೋಡುವ ಸಲುವಾಗಿ ಹೊರಟವನಿಗೆ ಆ ಸಮಾಧಾನವೆಲ್ಲಿ? ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆಂಬ ಈರ್ಯಾಸಮಿತಿ ಮುನಿಗಳದು. ಸೈಕಲ್ಲಿನ ಮೇಲೆ ಕುಳಿತವನು ನಾಲ್ಕು ಮೊಳದ ಆಚೆ ಇರುವೆಯ ಸಾಲನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಸಾಲು ಹಿಂದೆ ಬಿದ್ದಿರುತ್ತದೆ. ಮುಂಗಾರಿನ ಮೊದಲ ಮಳೆಯ ಮರುದಿನ ಕೆಂಪು ಮಖಮಲ್ಲಿನಂತಹ ಪುಟ್ಟ ಹುಳುಗಳು ರಸ್ತೆಯ ಮೇಲೆ ಹರಿದಾಡುವುದನ್ನು ಕಂಡ ಮೇಲೆ ಅವರು ಒಂದು ಮಿತಿ ಹಾಕಿಕೊಂಡರು: ಸೂರ್ಯೋದಯಕ್ಕೆ ಮುಂಚೆ ಹೊರಡುವುದಿಲ್ಲ, ಚಾತುರ್ಮಾಸದ ನಾಲ್ಕು ತಿಂಗಳು ಸೈಕಲ್ ಮುಟ್ಟುವುದಿಲ್ಲ. ಇಷ್ಟರಿಂದ ಶ್ಲೋಕದ ಋಣ ತೀರಿತೆಂದು ಅವರು ತಿಳಿದಿದ್ದರು.

ಪುಷ್ಯಮಾಸದಲ್ಲಿ ಈ ಸೀಮೆಯ ರೈತರು ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಕಣ ಮಾಡುವ, ರೋಣಗಲ್ಲು ಎಳೆಯುವ ಕಾಲ ಹೋಯಿತು. ಹೋಗಿ ಬರುವ ವಾಹನಗಳೇ ಕಾಳು ಬಿಡಿಸಬೇಕು. ಯಗಟಿಯ ಕಡೆಯ ಒಂದು ಹಳ್ಳಿಯಲ್ಲಿ ಹೀಗೆ ಹಾಸಿದ್ದ ಒಕ್ಕಣೆಯ ಮೇಲೆ ಅವರ ಸೈಕಲ್ ಏರಿತು. ಹುಲ್ಲು ಚೈನಿಗೆ ಸುತ್ತಿಕೊಂಡು ಚಕ್ರ ಜಾರಿತು. ಮೊಣಕೈ ತರಚಿತು, ಕನ್ನಡಕ ಎಲ್ಲಿಯೋ ಹೋಯಿತು. ಎತ್ತಿ ಕೂರಿಸಿ, ಕನ್ನಡಕ ಹುಡುಕಿ ಕೊಟ್ಟು, ಚೈನಿನ ಹುಲ್ಲನ್ನು ಎಳೆಯೆಳೆಯಾಗಿ ಬಿಡಿಸಿದ ರೈತನ ಮುಖವನ್ನು ಅವರು ನೋಡಿದ್ದು ಆ ಮೇಲೆ. ಲೆಕ್ಕದ ಪುಸ್ತಕದಲ್ಲಿ 38,000 ರೂಪಾಯಿ ಬಾಕಿ ಉಳಿದಿದ್ದ ಗಿರಾಕಿ ಆತ. 2016–17ರ ಬರದಲ್ಲಿ ಕಡೂರು ಸೀಮೆಯ ತೆಂಗಿನ ತೋಟಗಳು ನಿಂತಲ್ಲೇ ಒಣಗಿದಾಗ ಅವನ ತೋಟದ ಮುಕ್ಕಾಲು ಪಾಲು ಹೋಗಿತ್ತು. ಆಮೇಲೆ ಅವನು ಅಂಗಡಿಯ ಕಡೆ ತಲೆ ಹಾಕಿರಲಿಲ್ಲ.

ಆತನ ಹೆಂಡತಿ ಗಾಯಕ್ಕೆ ಅರಿಶಿನ ತಂದಳು. ತರುವಾಗ, ಯಾವ ಕಹಿಯೂ ಇಲ್ಲದೆ, ನಗುತ್ತಲೇ ಒಂದು ಮಾತು ಹೇಳಿದಳು. ಎರಡು ವರ್ಷಗಳಿಂದ ಈ ಸೈಕಲ್ ಊರ ಮುಂದೆ ಕಾಣಿಸಿದರೆ ಸಾಕು, ಯಜಮಾನರು ತಿನ್ನುವ ಮುದ್ದೆಯನ್ನು ಬಿಟ್ಟು ಹಿತ್ತಲಿನಿಂದ ಕಾವಲಿಗೆ ಹೋಗಿಬಿಡುತ್ತಿದ್ದರಂತೆ. ಮಧ್ಯಾಹ್ನ ತಿರುಗಿದ ಮೇಲೆಯೇ ಮನೆಗೆ ಬರುವುದಂತೆ.

ವರ್ತಕರ ಕ್ಯಾರಿಯರಿನಲ್ಲಿ ಪುಸ್ತಕವಿರಲಿಲ್ಲ. ಅದು ಅವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಊರಿನವರು ನೋಡಿದ್ದು ಸೈಕಲ್ಲನ್ನು. ಯಾವ ದಾರಿ ಅವರಿಗೆ ಬೆಳಗಿನ ಪ್ರಶಾಂತಿಯಾಗಿತ್ತೋ ಅದೇ ದಾರಿಯಲ್ಲಿ ಅವರು ಒಬ್ಬ ಮನುಷ್ಯನನ್ನು ಊಟ ಬಿಡಿಸಿ ಅಲೆಯಿಸಿದ್ದರು. ಶ್ಲೋಕದ ಮೊದಲ ಮಾತಿಗೆ ಇಷ್ಟೆಲ್ಲ ನಿಯಮ ಹಾಕಿಕೊಂಡವರು, ಅದರ ಪಕ್ಕದಲ್ಲೇ ಇದ್ದ ಎರಡನೆಯ ಮಾತನ್ನು ಪ್ರತಿ ಪಾರಾಯಣದಲ್ಲಿಯೂ ಬಾಯಲ್ಲಿ ಹೇಳಿ ಮುಂದೆ ಹೋಗಿದ್ದರು.

ಅಲ್ಲಿಯೇ ಅವರು ಬಾಕಿಯನ್ನು ಬಿಟ್ಟುಕೊಟ್ಟೆನೆಂದರು. ವಾಣಿಜ್ಯ ಪದವಿ ಪಡೆದವರು. ಬಿಡುವಾಗಲೂ ಲೆಕ್ಕ ತಪ್ಪಲಿಲ್ಲ. ಮಾರಿದ ಸರಕಿನ ಹಣಕ್ಕೆ 1963ರ ಕಾಲಮಿತಿ ಕಾಯ್ದೆಯಂತೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಎಂದೋ ಕಳೆದಿದೆ, ಮಗನೂ ಅದನ್ನು ಬಾರದ ಬಾಕಿಯೆಂದು ಪುಸ್ತಕದಿಂದ ತೆಗೆದಿದ್ದಾನೆ ಎಂದು ವಿವರಿಸಿದರು. ಬರಲಾರದ ಹಣವನ್ನು ತ್ಯಾಗವೆಂದು ಕೊಡುವುದರಲ್ಲಿ ಎಷ್ಟು ತ್ಯಾಗವಿದೆಯೆಂಬ ಪ್ರಶ್ನೆ ಅವರಿಗೆ ಹೊಳೆದದ್ದು ರಾತ್ರಿ ಮಲಗಿದಾಗ. ರೈತನಿಗೆ ಅಲ್ಲಿಯೇ ಹೊಳೆಯಿತು. ಅವನ ಮುಖ ಬಿಗಿಯಿತು. ತನ್ನ ಹೆಸರನ್ನು ಹೊಡೆದುಹಾಕಲು ತಾನು ಕೇಳಿಲ್ಲವೆಂದೂ, ಆದಾಗ ಕೊಡುವೆನೆಂದೂ, ಸಾಹುಕಾರರು ಬೇಕಾದರೆ ಗಂಟೆ ಬಾರಿಸಿಕೊಂಡು ಬರಲಿ, ತಾನು ಇನ್ನು ಓಡುವುದಿಲ್ಲವೆಂದೂ ಹೇಳಿ ಒಕ್ಕಣೆಯ ಕಡೆ ತಿರುಗಿದ.

ಮೊಣಕೈ ಮಾದ ಮೇಲೆ ಅವರು ಮತ್ತೆ ಅದೇ ದಾರಿಯಲ್ಲಿ ಹೋದರು. ಹೋಗದಿದ್ದರೆ ಅವನ ಮಾತನ್ನು ನಂಬಲಿಲ್ಲವೆಂದಾಗುತ್ತಿತ್ತು. ರೈತ ಬಾಗಿಲಲ್ಲೇ ನಿಂತಿದ್ದ. ಬರದಲ್ಲಿ ಉಳಿದು ಚೇತರಿಸಿಕೊಂಡ ಮರವೊಂದರಿಂದ ಎಳನೀರು ಕೆಡವಿ ಕೆತ್ತಿ ಕೊಟ್ಟ. ಅತಿಥಿಗೆ ಕೊಟ್ಟನೋ, ಸಾಲಕ್ಕೆ ಕೊಟ್ಟನೋ ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ಮನೆಗೆ ಬಂದು ಹಳೆಯ ವಸೂಲಿ ಪುಸ್ತಕವನ್ನು ಹುಡುಕಿ, ಅವನ ಪುಟದಲ್ಲಿ ಅಂದಿನ ಪೇಟೆ ಧಾರಣೆಯಂತೆ ಒಂದು ಎಳನೀರಿನ ಬೆಲೆಯನ್ನು ಜಮೆ ಬರೆದರು. ಈ ಲೆಕ್ಕ ಮಗನಿಗೆ ತಿಳಿಯದು. ಆಷಾಢದಲ್ಲಿ ಸೈಕಲ್ಲನ್ನು ಮತ್ತೆ ಉಗ್ರಾಣಕ್ಕೆ ಸೇರಿಸುವ ಹೊತ್ತಿಗೆ ಆ ಪುಟದಲ್ಲಿ ಹನ್ನೊಂದು ಎಳನೀರು ಜಮೆಯಾಗಿದ್ದವು.