ಕಪಾಟಿನ ಮೇಲಿನ ಪಟ್ಟಿ

ನಮ್ಮ ಚಾವಡಿಯ ಕಬ್ಬಿಣದ ಕಪಾಟಿನ ಬಾಗಿಲಲ್ಲಿ ಅಂಗೈ ಅಗಲದ ಒಂದು ಕಲೆಯಿದೆ. ಎಷ್ಟು ಉಜ್ಜಿದರೂ ಹೋಗದ ಅಂಟಿನ ಕಲೆ. 2020ರ ಮಾರ್ಚ್ ತಿಂಗಳಲ್ಲಿ ನಾನು ಅಲ್ಲಿ ಒಂದು ಪಟ್ಟಿ ಅಂಟಿಸಿದ್ದೆ. ಅದರ ಕತೆ ಹೇಳಿಬಿಡುತ್ತೇನೆ. ಮಕ್ಕಳಿಗೆ ಮನೆಯಲ್ಲೇ ದೇವರ ಪಾಠ ಹೇಳಹೊರಟ ತಂದೆತಾಯಿಯರಿಗೆ ಪ್ರಯೋಜನವಾದರೆ ಆಗಲಿ.

ಆ ತಿಂಗಳು ಶಾಲೆ ಮುಚ್ಚಿತು, ದೇವಾಲಯ ಮುಚ್ಚಿತು, ಅದರೊಂದಿಗೆ ಸಂಡೇ ಸ್ಕೂಲೂ ನಿಂತಿತು. ಬ್ಯಾಂಕು ಮಾತ್ರ ಮುಚ್ಚಲಿಲ್ಲ. ಗುಮಾಸ್ತರಾದ ನಾವು ದಿನ ಬಿಟ್ಟು ದಿನ ಹೋಗುತ್ತಿದ್ದೆವು. ಮನೆಯಲ್ಲಿದ್ದ ದಿನ ಹತ್ತು ವರ್ಷದ ಮಗಳ ಸತ್ಯವೇದದ ಪಾಠ ನನ್ನ ಪಾಲಿಗೆ ಬಂತು. ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಮನೆತನ. ಮನೆಯೇ ಮೊದಲ ಪಾಠಶಾಲೆ ಎಂಬುದು ನಮಗೆ ಹೊಸ ಮಾತಲ್ಲ. ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಮನೆಯ ಯಜಮಾನನು ತನ್ನ ಮನೆಯವರಿಗೆ ಕಲಿಸಲೆಂದೇ ಬರೆದದ್ದು.

ಪಟ್ಟಿಯಲ್ಲಿ ನಾಲ್ಕು ಗುರಿಗಳಿದ್ದವು. ಒಂದು, ವಾರಕ್ಕೆ ಐದು ವಾಕ್ಯ ಕಂಠಪಾಠ. ಎರಡು, ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಮೂರನ್ನೂ ತಪ್ಪಿಲ್ಲದೆ ಒಪ್ಪಿಸುವುದು. ಮೂರು, ಲೂಕನ ಸುವಾರ್ತೆ ಪೂರ್ತಿ ಓದುವುದು. ನಾಲ್ಕು, ನಮ್ಮ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'ದ ಪರಿಚಯ. ಕ್ರಿಸ್ತನ ಕೊನೆಯ ದಿನವನ್ನು ಕುರಿತ ಈ ಖಂಡಕಾವ್ಯವನ್ನು ಬರೆದವರು ಕ್ರೈಸ್ತರಲ್ಲ, ನಮ್ಮೂರ ಕಡೆಯ ಕವಿ ಎಂಬುದು ನನಗೆ ದೊಡ್ಡ ಹೆಮ್ಮೆ. ಬಿ.ಎ. ಓದಿದ ನನಗೇ ಅರ್ಥಕೋಶ ಬೇಕಾಗುವ ಕಾವ್ಯವದು. "ಪಾಪ, ಮಗುವಿಗೆ ಎಂಥ ಕರ್ಮ!" ಎಂದು ಹೆಂಡತಿ ನಕ್ಕಳು. ನಾನು ನಗಲಿಲ್ಲ. ಪ್ರತಿ ಗುರಿಯ ಮುಂದೆ ತಾರೀಕು, ಅಂಕ, ನನ್ನ ಚಿಕ್ಕ ರುಜು. ಸಂಜೆ ನಗದು ಟ್ಯಾಲಿ ಮಾಡಿದ ಹಾಗೆ. ಎಲ್ಲವೂ ಕನ್ನಡದಲ್ಲೇ ಆಗಬೇಕು, ಅಕ್ಷರ ತಪ್ಪಿದರೆ ಅರ್ಧ ಅಂಕ ಕಡಿತ.

ಮಗಳು ಕಲಿಯುವುದು ಇಂಗ್ಲಿಷ್ ಮಾಧ್ಯಮ, ಆಡುವುದು ಮಲೆಯಾಳ. ಅವಳಿಗೆ ಕನ್ನಡ ಉಳಿದಿರುವುದು ಮನೆಯಲ್ಲಿ ಮತ್ತು ದೇವಾಲಯದಲ್ಲಿ. ಅದೂ ತಪ್ಪಿಹೋದರೆ ಎಂಬ ಭಯ ನನಗೆ. ಈ ಭಯ ಗಡಿನಾಡಿನ ಯಾವ ತಂದೆಗೆ ಇಲ್ಲ ಹೇಳಿ?

ಏಪ್ರಿಲ್ ಮೊದಲ ವಾರದಲ್ಲಿ ಲೂಕನ ಹತ್ತನೆಯ ಅಧ್ಯಾಯ ಬಂತು, ಒಳ್ಳೆಯ ಸಮಾರ್ಯದವನ ಸಾಮ್ಯ. ಮಗಳು ನಾಲ್ಕು ವಾಕ್ಯ ಹೇಳಿ ತಡವರಿಸಿದಳು. ಇನ್ನೊಮ್ಮೆ ಎಂದೆ. ಮತ್ತೆ ತಪ್ಪಿದಳು. ಸೊನ್ನೆ ಹಾಕಿದೆ. ಅವಳು ಅಳಲಿಲ್ಲ, ಎದ್ದು ಅಜ್ಜಿಯ ಕೋಣೆಗೆ ಹೋದಳು.

ಅದೇ ದಿನಗಳಲ್ಲಿ ತಲಪಾಡಿಯ ಗಡಿ ಮುಚ್ಚಿತ್ತು. ಒಳರಸ್ತೆಗಳಿಗೂ ಮಣ್ಣು ಸುರಿದಿದ್ದರು. ಕಾಸರಗೋಡಿನವರಿಗೆ ಕಾಯಿಲೆ ಎಂದರೆ ಮಂಗಳೂರು. 1956ರಲ್ಲಿ ರಾಜ್ಯ ಬೇರೆಯಾದರೂ ಆ ದಾರಿ ನಮ್ಮದಾಗಿಯೇ ಉಳಿದಿತ್ತು. ಕಾಯಿಲೆಯವರಿದ್ದ ಮನೆಗಳ ಸಂಕಟ ಓದುಗರಿಗೆ ನೆನಪಿದೆ, ನಾನು ಬರೆಯಬೇಕಿಲ್ಲ. ಅಮ್ಮನ ಹೃದಯದ ಮಾತ್ರೆಯೂ ಮಂಗಳೂರಿನಿಂದಲೇ ಬರುತ್ತಿದ್ದದ್ದು. ನಮ್ಮ ಪೇಟೆಯ ಮೂರು ಅಂಗಡಿಗಳಲ್ಲಿ ಕೇಳಿದೆ, ಇರಲಿಲ್ಲ. ಉಳಿದದ್ದು ನಾಲ್ಕು ಮಾತ್ರೆ.

ನಮ್ಮ ಪಕ್ಕದ ಮನೆಯವರು ಮಲೆಯಾಳ ಮಾತಾಡುವ ಮಾಪಿಳ್ಳೆಯವರು. ಮನೆಯ ಹುಡುಗ ಆಟೋ ಓಡಿಸುತ್ತಾನೆ. ಮಳೆನೀರಿನ ಕಣಿಯ ತಕರಾರಿನಲ್ಲಿ ಆ ಮನೆಗೂ ನನಗೂ ಒಂದೂವರೆ ವರ್ಷದಿಂದ ಮಾತಿರಲಿಲ್ಲ. ತಪ್ಪು ಅರ್ಧ ನನ್ನದೇ. ಮಾತಿಲ್ಲದ್ದು ದೊಡ್ಡವರಿಗೆ ಮಾತ್ರ, ಮಗಳು ಬೇಲಿಯಾಚೆ ಅವರ ಮಕ್ಕಳೊಂದಿಗೆ ಮಾತಾಡುತ್ತಲೇ ಇದ್ದಳು. ಅವಳೇ ಹೇಳಿರಬೇಕು. ಪಂಚಾಯಿತಿಯ ಸಮುದಾಯ ಅಡುಗೆಮನೆಯ ಊಟ ಹಂಚಲು ಆ ಹುಡುಗನಿಗೆ ಪಾಸ್ ಇತ್ತು. ಸಂಜೆ ಗೇಟಿನ ಹೊರಗೆ ನಿಂತು, "ಉಮ್ಮನ ಮಾತ್ರೆಯ ಚೀಟಿ ಕೊಡಿ" ಎಂದು ಮಲೆಯಾಳದಲ್ಲಿ ಕೇಳಿದ. ಮರುದಿನ ಕಾಞಂಗಾಡಿನಿಂದ ಒಂದು ತಿಂಗಳ ಮಾತ್ರೆ ತಂದು ಗೇಟಿಗೆ ಸಿಕ್ಕಿಸಿದ. ಬಿಲ್ಲಿನ ಹಣವನ್ನಷ್ಟೇ ತೆಗೆದುಕೊಂಡ, ಪೆಟ್ರೋಲಿನದು ಬೇಡವೆಂದ. ಕಣಿಯ ಮಾತೇ ಎತ್ತಲಿಲ್ಲ.

ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಮಗಳು ಕೇಳಿದಳು: "ಪಪ್ಪಾ, ಆ ಪಾಠವನ್ನು ಕತೆಯ ಹಾಗೆ ಹೇಳಲಾ?" ಹೇಳು ಎಂದೆ. ಅರ್ಧ ಕನ್ನಡ, ಅರ್ಧ ಮಲೆಯಾಳದಲ್ಲಿ ಹೇಳಿದಳು. ಗಾಯಗೊಂಡವನನ್ನು ಕಂಡೂ ಪಕ್ಕಕ್ಕೆ ಸರಿದು ಹೋದ ಯಾಜಕನನ್ನು ಹೇಳಿದಳು, ಲೇವಿಯನನ್ನು ಹೇಳಿದಳು. ಎಣ್ಣೆ, ದ್ರಾಕ್ಷಾರಸ, ಛತ್ರದವನಿಗೆ ಕೊಟ್ಟ ಎರಡು ನಾಣ್ಯ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ನಮ್ಮ ಸತ್ಯವೇದದಲ್ಲಿ 'ನೆರೆಯವನು' ಅಂತ ಇದೆ. ಅಜ್ಜಿ ಹತ್ತಿರ ಇರುವ ಮಲೆಯಾಳದ್ದರಲ್ಲಿ ಅದಕ್ಕೆ 'ಕೂಟ್ಟುಕಾರನ್' ಅಂತ ಇದೆ. ನಾನು ಎರಡೂ ನೋಡಿದೆ. ಅಂದರೆ ಗೆಳೆಯ ಅಲ್ಲವಾ? ಪಕ್ಕದ ಮನೆಯವರು ನಮಗೆ ನೆರೆಯವರು ಹೌದು. ಕೂಟ್ಟುಕಾರನ್ ಹೌದಾ?" ಎಂದಳು.

ನನಗೆ ಉತ್ತರ ಬರಲಿಲ್ಲ. ಬಾಯಿಪಾಠವಿದ್ದದ್ದು ನನಗೆ, ಪಾಠ ಬಂದದ್ದು ಅವಳಿಗೆ. ಬಾಸೆಲ್ ಮಿಶನಿನ ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲೇ ಅಚ್ಚಾದವು. ಒಂದೇ ಕೆಲಸಕ್ಕೆಂದು ಬಂದವರಿಗೆ ಎರಡು ಭಾಷೆ ಹೊರೆಯಾಗಲಿಲ್ಲ. ನಾನು ಮಾತ್ರ ಕನ್ನಡ ಉಳಿಸುವ ಕೆಲಸಕ್ಕೆ ದೇವರನ್ನು ಕಾವಲಿಗೆ ನಿಲ್ಲಿಸಿದ್ದೆ. ಕನ್ನಡ ತಪ್ಪಿದ ಮಗುವಿಗೆ ಭಕ್ತಿಯಲ್ಲಿ ಸೊನ್ನೆ ಹಾಕಿದ್ದೆ.

ಮರುದಿನ ಬೇಲಿಯ ಬಳಿ ಹೋಗಿ ಮಾತಾಡಿದೆ. ಮಾತು ಸುಲಭವಾಗಲಿಲ್ಲ. ಮಳೆಗೆ ಮುಂಚೆ ಕಣಿಯನ್ನು ಇಬ್ಬರೂ ಸೇರಿ ಬಿಡಿಸಿದೆವು.

ಹಳೆಯ ಪಟ್ಟಿಯನ್ನು ಕಿತ್ತು ಹೊಸದನ್ನು ಬರೆದೆವು, ಈ ಸಲ ಮೂವರೂ ಕುಳಿತು. ವಾರಕ್ಕೊಂದು ಭಾಗ ಓದುವುದು. ಅದನ್ನು ತನ್ನ ಮಾತಿನಲ್ಲಿ, ಬಂದ ಭಾಷೆಯಲ್ಲಿ ಹೇಳುವುದು. ಆ ವಾರ ಅದರಂತೆ ಒಂದು ಕೆಲಸ ಮಾಡುವುದು. ಅಂಕದ ಸಾಲು ತೆಗೆದು ಅಲ್ಲಿ 'ಪಪ್ಪ', 'ಅಮ್ಮ' ಎಂಬ ಎರಡು ಸಾಲು ಹಾಕಿದೆವು. ನಾವೂ ಏನು ಮಾಡಿದೆವೆಂದು ಶನಿವಾರ ಹೇಳಬೇಕು. ಆ ಸಾಲು ತುಂಬುವುದು ನನಗೇ ಕಷ್ಟವಾಯಿತು. ಕೆಲವು ವಾರ ಖಾಲಿ ಬಿಟ್ಟಿದ್ದೇನೆ.

ಕನ್ನಡವನ್ನು ಕೈಬಿಡಲಿಲ್ಲ. ಅಮ್ಮನ ಕಣ್ಣು ಮಂಜಾಗಿತ್ತು. ದಿನಾ ರಾತ್ರಿ ಕನ್ನಡದಲ್ಲಿ ಒಂದು ಕೀರ್ತನೆ ಅಜ್ಜಿಗೆ ಓದಿ ಹೇಳುವ ಕೆಲಸ ಮಗಳದ್ದಾಯಿತು. ಅಲ್ಲಿ ಅಂಕವಿಲ್ಲ. ತಪ್ಪಿದರೆ ಅಜ್ಜಿ ತಿದ್ದುತ್ತಿದ್ದರು, ಏಕೆಂದರೆ ಅವರಿಗೆ ಕೇಳಬೇಕಿತ್ತು. ಒಂದು ವರ್ಷದಲ್ಲಿ ಅವಳ ಓದು ನೀರಿನ ಹಾಗೆ ಹರಿಯತೊಡಗಿತು. ನನ್ನ ಅರ್ಧ ಅಂಕದ ಕಡಿತದಿಂದ ಆಗದ್ದು ಅದು.

ಮಗಳೀಗ ನನ್ನ ಭುಜದೆತ್ತರಕ್ಕೆ ಬೆಳೆದಿದ್ದಾಳೆ. ಪಟ್ಟಿಯ ಕಾಗದ ಯಾವಾಗಲೋ ಹರಿದುಹೋಯಿತು. 'ಗೊಲ್ಗೊಥಾ' ಇನ್ನೂ ಓದಿಲ್ಲ. ಮೊನ್ನೆ ಕಪಾಟು ತೆರೆದಾಗ ಆ ಪುಸ್ತಕವನ್ನು ಅವಳೇ ಕೈಗೆತ್ತಿಕೊಂಡು ಎರಡು ಪುಟ ತಿರುವಿದಳು. ನಾನು ಏನೂ ಹೇಳಲಿಲ್ಲ.